ಒಂದು ಪೌಂಡ್ ಧಾನ್ಯ

ಹಳೆಯ ಮೈಸೂರಿನವರ ನೆನಪಿನಲ್ಲಿ ೧೮೭೬–೭೮ರ ಕ್ಷಾಮಕ್ಕೆ ‘ಧಾತು–ಈಶ್ವರದ ಬರ’ವೆಂದು ಹೆಸರು. ಒಂದು ಸಂವತ್ಸರದಲ್ಲಿ ಮುಗಿಯದ ಹಸಿವು ಎರಡು ಸಂವತ್ಸರಗಳ ಹೆಸರನ್ನು ಹೊತ್ತುಕೊಂಡಿತು. ೧೮೭೧ರ ಜನಗಣತಿಯಲ್ಲಿ ಸಂಸ್ಥಾನದ ಜನಸಂಖ್ಯೆ ೫೦ ಲಕ್ಷಕ್ಕೂ ಮಿಕ್ಕಿದ್ದಿತು. ೧೮೮೧ರಲ್ಲಿ ಅದು ಸುಮಾರು ೪೨ ಲಕ್ಷಕ್ಕೆ ಇಳಿದಿತ್ತು. ಆಗ ಆಡಳಿತ ನಡೆಸುತ್ತಿದ್ದ ಇಂಗ್ಲಿಷರು ಕೈಕಟ್ಟಿ ಕುಳಿತಿದ್ದರೆ? ಹಾಗೇನೂ ಇಲ್ಲ. ಪರಿಹಾರವಿತ್ತು, ಅದು ಹಸಿದವನ ಕೈಸೇರುವ ದಾರಿಯಲ್ಲಿ ಮಾತ್ರ ಪರೀಕ್ಷೆಗಳಿದ್ದುವು.

ಇದರ ಹಿಂದೊಂದು ಕಥೆಯಿದೆ. ೧೮೭೪ರಲ್ಲಿ ಬಿಹಾರದಲ್ಲಿ ಬರ ಬಂದಾಗ ಸರ್ ರಿಚರ್ಡ್ ಟೆಂಪಲ್ ಬರ್ಮಾದಿಂದ ಅಕ್ಕಿ ತರಿಸಿ ಹಂಚಿದನು. ಸತ್ತವರು ತೀರ ಕಡಮೆ. ಅದಕ್ಕಾಗಿ ಅವನಿಗೆ ದೊರೆತ ಬಹುಮಾನವೆಂದರೆ ದುಂದುಗಾರನೆಂಬ ಬಿರುದು! ೧೮೭೭ರಲ್ಲಿ ವೈಸರಾಯ್ ಲಿಟನ್ ಅವನನ್ನೇ ದಕ್ಷಿಣಕ್ಕೆ ಕಳುಹಿಸಿದನು. ಈ ಸಲ ಟೆಂಪಲ್ ಪಾಠ ಕಲಿತೇ ಬಂದಿದ್ದನು. ಮದರಾಸು ಪ್ರಾಂತದಲ್ಲಿ ದಿನವೆಲ್ಲ ಮಣ್ಣು ಹೊತ್ತವನಿಗೆ ಒಂದು ಪೌಂಡ್ ಧಾನ್ಯ, ಜೊತೆಗೆ ಪುಡಿಗಾಸು ಎಂದು ಗೊತ್ತುಮಾಡಿದನು. ಒಂದು ಪೌಂಡೆಂದರೆ ಅರ್ಧ ಕಿಲೋಗೂ ಕಡಮೆ. ಇಷ್ಟರಲ್ಲಿ ದುಡಿಯುವವನ ದೇಹ ನಿಲ್ಲಲಾರದೆಂದು ಮದರಾಸಿನ ಆರೋಗ್ಯಾಧಿಕಾರಿ ಡಾಕ್ಟರ್ ಕಾರ್ನಿಶ್ ಪ್ರತಿಭಟಿಸಿದನು. ಕೆಲವು ವಾರಗಳಲ್ಲಿ ಕೂಲಿಯನ್ನು ಸ್ವಲ್ಪ ಏರಿಸಬೇಕಾಯಿತು.

ಮನೆಯಿಂದ ಬಲುದೂರ ಹೋದರೆ ಮಾತ್ರ ಕೆಲಸವೆಂಬ ‘ದೂರದ ಪರೀಕ್ಷೆ’ಯೂ ಆ ಕಾಲದಲ್ಲಿತ್ತು. ನಿಜವಾಗಿ ಬಡವನಾದವನೇ ಇಷ್ಟು ಕಷ್ಟಕ್ಕೆ ಒಡ್ಡಿಕೊಂಡಾನು ಎಂಬುದು ಅಧಿಕಾರಿಗಳ ತರ್ಕ. ಆದರೆ ನಡೆಯಲಾರದ ಮುದುಕಿ, ಕಂಕುಳಲ್ಲಿ ಕೂಸಿದ್ದ ತಾಯಿ ಈ ಪರೀಕ್ಷೆಯಲ್ಲಿ ತೇರ್ಗಡೆಯಾಗುವುದು ಹೇಗೆ? ಸೋಮಾರಿಯನ್ನು ತಡೆಯಲು ಕಟ್ಟಿದ ಬೇಲಿ ನಿತ್ರಾಣರನ್ನೇ ಮೊದಲು ತಡೆಯಿತು.

೧೮೮೦ರ ಕ್ಷಾಮ ಆಯೋಗ, ಅದರ ಹಿಂದೆಯೇ ೧೮೮೩ರ ಕ್ಷಾಮ ಸಂಹಿತೆ ಬಂದುವು. ಮೈಯಲ್ಲಿ ಶಕ್ತಿಯಿರುವಾಗಲೇ ಕೆಲಸ ಕೊಡಬೇಕು, ಅಶಕ್ತರಿಗೆ ಅವರ ಊರಿನಲ್ಲಿಯೇ ನೆರವು ಸಿಗಬೇಕು ಎಂಬ ವಿವೇಕ ಮೂಡಿತು. ಆದರೂ ಅದು ಅಧಿಕಾರಿಗೆ ಕೊಟ್ಟ ಸೂಚನೆಯೇ ಹೊರತು ಬಡವನ ಹಕ್ಕಾಗಿರಲಿಲ್ಲ. ಹಕ್ಕಾಗಲು ಸುಮಾರು ನೂರು ವರ್ಷ ಬೇಕಾಯಿತು. ೧೯೭೨–೭೩ರ ಭೀಕರ ಬರದ ಬಳಿಕ, ೧೯೭೭ರಲ್ಲಿ, ಮಹಾರಾಷ್ಟ್ರ ಉದ್ಯೋಗ ಖಾತರಿಯ ಕಾಯಿದೆ ಮಾಡಿತು. ೨೦೦೫ರಲ್ಲಿ ಸಂಸತ್ತು ಇಡೀ ದೇಶಕ್ಕೆ ಅಂಥದೇ ಕಾಯಿದೆ ತಂದಿತು. ಕೇಳಿದ ೧೫ ದಿನಗಳಲ್ಲಿ ಕೆಲಸ, ಇಲ್ಲದಿದ್ದರೆ ಭತ್ಯೆ. ಕೆಲಸದ ಸ್ಥಳ ೫ ಕಿಲೋಮೀಟರಿಗಿಂತ ದೂರವಾದರೆ ಶೇಕಡ ೧೦ ಹೆಚ್ಚು ಕೂಲಿ ಎಂದು ಅದರಲ್ಲಿ ಬರೆದರು. ಒಂದು ಕಾಲದಲ್ಲಿ ಬಡವನಿಗೆ ಒಡ್ಡಿದ್ದ ದೂರದ ಪರೀಕ್ಷೆಯನ್ನು ಈಗ ಸರ್ಕಾರವೇ ಎದುರಿಸಬೇಕಾಯಿತು.

ಬೆಂಗಳೂರು–ಮೈಸೂರು ರೈಲುದಾರಿಯ ಕೆಲಸ ಆರಂಭವಾದದ್ದು ಆ ಬರಗಾಲದ ಪರಿಹಾರ ಕಾಮಗಾರಿಯಾಗಿ. ಕಿಟಕಿಯ ಪಕ್ಕ ಕುಳಿತು ಕಾಫಿ ಕುಡಿಯುತ್ತ ಹೋಗುವ ನಮಗೆ ಅದರ ನೆನಪಾಗುವುದಿಲ್ಲ. ನೆರವು ಯಾರಿಗೆ ಸಲ್ಲಬಾರದೆಂದು ನಾವು ಬಿಸಿಬಿಸಿಯಾಗಿ ಚರ್ಚಿಸುವಾಗಲಾದರೂ, ಹಳಿಯ ಕೆಳಗಿನ ಆ ಮಣ್ಣನ್ನು ಹೊತ್ತವರನ್ನು ಒಮ್ಮೆ ನೆನೆಯಬಾರದೆ?