ತುರುವೇಕೆರೆಯ ಕರಿಗಲ್ಲು ಮತ್ತು ಕಾಯಕದ ಕೈ

ತಿಪಟೂರು ಸೀಮೆಯೆಂದೊಡನೆ ಕೊಬ್ಬರಿಯ ನೆನಪಾಗುವುದು ಸಹಜ. ಆದರೆ ಈ ತೆಂಗಿನ ತೋಟಗಳ ನಡುವೆ ಸಾವಿರ ವರ್ಷಗಳಿಗೂ ಮಿಕ್ಕ ಶಿಲ್ಪಪರಂಪರೆಯೊಂದು ಉಳಿದುಬಂದಿರುವ ಸಂಗತಿಯನ್ನು ನಮ್ಮವರೇ ಅಷ್ಟಾಗಿ ಗಮನಿಸಿಲ್ಲ.

ತಿಪಟೂರು ತಾಲ್ಲೂಕಿನ ಅರಳಗುಪ್ಪೆಯ ಕಲ್ಲೇಶ್ವರ ದೇವಾಲಯವು 9ನೆಯ ಶತಮಾನದ್ದು. ಅದರ ಭುವನೇಶ್ವರಿಯ ನಡುವೆ ಶಿವನು ನರ್ತಿಸುತ್ತಿದ್ದಾನೆ, ಸುತ್ತಲೂ ಅಷ್ಟದಿಕ್ಪಾಲಕರಿದ್ದಾರೆ. ಅದೇ ಊರಿನ ಹೊಯ್ಸಳ ಕಾಲದ ಚೆನ್ನಕೇಶವ ದೇವಾಲಯದಲ್ಲಿ ಹೊನೋಜನೆಂಬ ರೂವಾರಿಯ ಹೆಸರು ಕಲ್ಲಿನಲ್ಲಿಯೇ ಉಳಿದಿದೆ. ದಾನಿಯ ಹೆಸರಿನೊಡನೆ ದುಡಿದವನ ಹೆಸರೂ ಉಳಿದಿರುವುದು ಸಣ್ಣ ಮಾತಲ್ಲ.

ತುರುವೇಕೆರೆಯಲ್ಲಿ ಎರಡು ಬಗೆಯ ಕಲ್ಲುಗಳನ್ನು ಹೋಲಿಸಿ ನೋಡಬಹುದು. 13ನೆಯ ಶತಮಾನದಲ್ಲಿ, ಮೂರನೆಯ ನರಸಿಂಹನ ಕಾಲದಲ್ಲಿ, ಕಟ್ಟಲಾದ ಮೂಲೆ ಶಂಕರೇಶ್ವರ ದೇವಾಲಯವು ಬಳಪದ ಕಲ್ಲಿನದು. ಈ ಕಲ್ಲು ಗಣಿಯಿಂದ ತೆಗೆದಾಗ ಮೃದುವಾಗಿದ್ದು, ಗಾಳಿಗೆ ಒಡ್ಡಿದಂತೆ ಗಟ್ಟಿಯಾಗುವುದು. ಆದುದರಿಂದಲೇ ಹೊಯ್ಸಳ ಶಿಲ್ಪಿಗೆ ಅಷ್ಟು ಸೂಕ್ಷ್ಮವಾದ ಕೆತ್ತನೆ ಸಾಧ್ಯವಾಯಿತು. ಗಂಗಾಧರೇಶ್ವರ ದೇವಾಲಯದ ಬೃಹತ್ ನಂದಿಯಾದರೋ ಕಠಿಣವಾದ ಕರಿಗಲ್ಲಿನದು. ಇಂತಹ ಕಲ್ಲು ಉಳಿಗೆ ಸುಲಭವಾಗಿ ಒಲಿಯದು. ಬಹುಕಾಲ ತಾಳ್ಮೆಯಿಂದ ಉಜ್ಜಿದ ಹೊರತು ಹೊಳಪು ಬಾರದು. ಒಮ್ಮೆ ಬಂದ ಹೊಳಪು ಮಾತ್ರ ಇಂದಿಗೂ ಮಾಸಿಲ್ಲ. 1956ರಲ್ಲಿ ಪೂರ್ಣಗೊಂಡ ಬೆಂಗಳೂರಿನ ವಿಧಾನಸೌಧದ ಅಲಂಕರಣಕ್ಕೂ ತುರುವೇಕೆರೆಯ ಕಪ್ಪು ಕಲ್ಲು ಬಳಕೆಯಾಯಿತು.

ಮರಕ್ಕೆ ಈ ಆಯುಸ್ಸಿಲ್ಲ. ಬಿಸಿಲು, ಮಳೆ, ಗೆದ್ದಲುಗಳಿಗೆ ಸಿಕ್ಕ ತೇರು ತಲೆಮಾರು ಕಳೆದಂತೆ ಹೊಸದಾಗಲೇಬೇಕು. ಅಲ್ಲಿ ಉಳಿಯುವುದು ವಸ್ತುವಲ್ಲ, ತಂದೆಯಿಂದ ಮಗನಿಗೆ ಬಂದ ಕೈಯ ತಿಳಿವಳಿಕೆ.

ನಾನು ಉಪಾಧ್ಯಾಯನಾಗಿದ್ದಾಗ ವಿದ್ಯಾರ್ಥಿಗಳೊಡನೆ ಆ ನಂದಿಯ ಮುಂದೆ ನಿಂತಿದ್ದೆ. ವಚನಗಳನ್ನು ಓದಿಕೊಂಡಿದ್ದ ಹುಡುಗನೊಬ್ಬ, "ದೇಹವೇ ದೇಗುಲವೆಂದವರು ಬಸವಣ್ಣನವರಲ್ಲವೇ ಸಾರ್? ಹಾಗಾದರೆ ಈ ಕಲ್ಲನ್ನು ನಾವೇಕೆ ಕಾಪಾಡಬೇಕು?" ಎಂದು ಕೇಳಿದ. ಆಗ ನಾನು ತಕ್ಕ ಉತ್ತರ ಕೊಡಲಾರದೆ ಹೋದೆ.

ಈಗ ತೋರುವುದಿಷ್ಟು. ಶರಣರು ಪ್ರಶ್ನಿಸಿದ್ದು ಸ್ಥಾವರದಲ್ಲಿಯೇ ನಿಂತುಬಿಡುವ ಭಕ್ತಿಯನ್ನೇ ಹೊರತು ಕಲ್ಲು ಕಡೆಯುವ ಕೈಯನ್ನಲ್ಲ. ಅನುಭವ ಮಂಟಪದ ಪರಂಪರೆಯಲ್ಲಿ ಬಾಚಿಕಾಯಕದ ಬಸವಯ್ಯನವರಿದ್ದಾರೆ. ಮರಗೆಲಸದ ಬಾಚಿಯೇ ಅವರ ಹೆಸರಿನಲ್ಲಿ ಬೆರೆತಿದೆ. ಅವರ ಪುಣ್ಯಸ್ತ್ರೀ ಕಾಳವ್ವೆಯೂ ವಚನಕಾರ್ತಿ. ಅಂಗೈಯ ಇಷ್ಟಲಿಂಗವನ್ನು ರೂಪಿಸಿ ಅದಕ್ಕೆ ಕಪ್ಪು ಕಂತಿ ಕಟ್ಟುವುದೂ ಒಂದು ಕುಶಲ ಕಾಯಕವೇ. ಕಾಯಕವನ್ನು ಗೌರವಿಸುವವನು ಅದರ ಫಲವನ್ನು ಹಾಳುಗೆಡಹುವುದೆಂತು?

ಹೀಗಿದ್ದೂ ನಮ್ಮ ನಾಡಿನಲ್ಲಿ ಎಷ್ಟೋ ವೀರಗಲ್ಲುಗಳು ಬಟ್ಟೆ ಒಗೆಯುವ ಚಪ್ಪಡಿಗಳಾಗಿವೆ. ನಿಧಿಯ ಆಸೆಗೆ ನಂದಿ, ಲಿಂಗಗಳ ಬುಡವನ್ನು ಅಗೆಯುವವರಿದ್ದಾರೆ. ಭಕ್ತಿಯಿಂದಲೇ ಸುಣ್ಣ ಬಳಿದು ಕೆತ್ತನೆಯನ್ನು ಮುಚ್ಚಿದವರೂ ಇದ್ದಾರೆ. ಇತ್ತ ಯಂತ್ರವು ಕಲ್ಲನ್ನು ಬೇಗನೆ ಸೀಳಿ ಹೊಳಪು ಕೊಡಬಲ್ಲುದು. ಎಲ್ಲಿ ನಿಲ್ಲಿಸಬೇಕೆಂಬ ವಿವೇಕ ಮಾತ್ರ ಕೈಯದು.

ಕಲ್ಲು ದೇವರೋ ಅಲ್ಲವೋ ಎಂಬ ಚರ್ಚೆ ನಡೆಯಲಿ. ಆ ಕಲ್ಲಿನಲ್ಲಿ ಒಬ್ಬ ಜಂಗಮಜೀವಿಯ ದುಡಿಮೆಯಿದೆಯೆಂಬುದರಲ್ಲಿ ಚರ್ಚೆಗೆ ಎಡೆಯಿಲ್ಲ. ಊರಿನ ಮೂಲೆಯಲ್ಲಿ ಬಿದ್ದಿರುವ ಒಂದು ವೀರಗಲ್ಲನ್ನು ಎತ್ತಿ ನಿಲ್ಲಿಸಿದರೆ ಆ ಹುಡುಗನ ಪ್ರಶ್ನೆಗೆ ಅದೇ ನಮ್ಮ ಉತ್ತರವಾದೀತು.