ಕಶೆಚೆವಾನ್ ಸಮುದಾಯದ ಸ್ಥಳಾಂತರ

ಕಶೆಚೆವಾನ್ ಕೆನಡಾ ದೇಶದ ಒಂಟಾರಿಯೊ ಪ್ರಾಂತದ ಉತ್ತರ ಭಾಗದಲ್ಲಿ, ಆಲ್ಬನಿ ನದಿಯ ಉತ್ತರ ದಡದಲ್ಲಿರುವ ಕ್ರೀ ಮೂಲನಿವಾಸಿಗಳ ಊರು. ನದಿಯು ಜೇಮ್ಸ್ ಕೊಲ್ಲಿಯನ್ನು ಸೇರುವ ಸ್ಥಳದಿಂದ ಇದು ಹೆಚ್ಚು ದೂರದಲ್ಲಿಲ್ಲ. ಇಲ್ಲಿನ ಜನಸಂಖ್ಯೆ ಸುಮಾರು 2,000. ವಸಂತ ಋತುವಿನ ಪ್ರವಾಹದ ಭೀತಿಯಿಂದ ಇಲ್ಲಿನ ಜನರನ್ನು ಹೆಚ್ಚುಕಡಿಮೆ ಪ್ರತಿವರ್ಷವೂ ವಿಮಾನಗಳಲ್ಲಿ ದೂರದ ಪಟ್ಟಣಗಳಿಗೆ ಸಾಗಿಸಲಾಗುತ್ತದೆ. ಊರನ್ನೇ ಎತ್ತರದ ನೆಲಕ್ಕೆ ಸ್ಥಳಾಂತರಿಸುವ ಭರವಸೆಯನ್ನು ಸರ್ಕಾರವು 2005ರಲ್ಲಿ ಮೊದಲು ನೀಡಿತು. ಆ ಭರವಸೆ ತ್ರಿಪಕ್ಷೀಯ ಒಪ್ಪಂದದ ರೂಪ ತಾಳಲು 2019ರವರೆಗೆ ಕಾಯಬೇಕಾಯಿತು.

ಹಿನ್ನೆಲೆ

ಆಲ್ಬನಿ ನದಿಯ ಮುಖಭಾಗದಲ್ಲಿ ಹಡ್ಸನ್ಸ್ ಬೇ ಕಂಪನಿಯು 17ನೆಯ ಶತಮಾನದ ಉತ್ತರಾರ್ಧದಲ್ಲಿ ತುಪ್ಪುಳದ ವ್ಯಾಪಾರಕ್ಕಾಗಿ ಫೋರ್ಟ್ ಆಲ್ಬನಿ ಎಂಬ ಕೋಠಿಯನ್ನು ಸ್ಥಾಪಿಸಿತು. ಸುತ್ತಲಿನ ಜವುಗು ನಾಡಿನ ಕ್ರೀ ಜನರು ಬೇಟೆ ಮತ್ತು ಮೀನುಗಾರಿಕೆಯನ್ನು ಅವಲಂಬಿಸಿ ಋತುಮಾನಕ್ಕೆ ತಕ್ಕಂತೆ ನೆಲೆ ಬದಲಿಸುತ್ತ ಬದುಕಿದ್ದರು. 1905ರಲ್ಲಿ ಈ ಪ್ರದೇಶವು ‘ಒಂಬತ್ತನೆಯ ಒಡಂಬಡಿಕೆ’ಯ ವ್ಯಾಪ್ತಿಗೆ ಬಂದಿತು. 1950ರ ದಶಕದಲ್ಲಿ ಸಮುದಾಯವು ಎರಡಾಗಿ ಒಡೆಯಿತು. ಕ್ಯಾಥೊಲಿಕ್ ಕುಟುಂಬಗಳು ಇಂದಿನ ಫೋರ್ಟ್ ಆಲ್ಬನಿಯಲ್ಲೂ ಆಂಗ್ಲಿಕನ್ ಕುಟುಂಬಗಳು ಉತ್ತರ ದಡದ ಕಶೆಚೆವಾನ್‌ನಲ್ಲೂ ನೆಲೆಸಿದವು. ಈ ತಗ್ಗು ನೆಲವು ವಾಸಕ್ಕೆ ಯೋಗ್ಯವಲ್ಲವೆಂದು ಹಿರಿಯರು ಅಂದೇ ಎಚ್ಚರಿಸಿದ್ದರೆಂಬುದು ಸಮುದಾಯದಲ್ಲಿ ಉಳಿದುಬಂದಿರುವ ಮಾತು.

ಊರಿನ ಹೆಸರೂ ಗಮನಾರ್ಹವಾಗಿದೆ. ‘ನೀರು ವೇಗವಾಗಿ ಹರಿಯುವ ಸ್ಥಳ’ ಎಂಬ ಅರ್ಥದ ಕ್ರೀ ಪದವು ದಾಖಲೆಗಳಲ್ಲಿ ತಪ್ಪಾಗಿ ಬರೆಯಲ್ಪಟ್ಟು ಇಂದಿನ ರೂಪ ಪಡೆಯಿತು. ಈ ರೂಪಕ್ಕೆ ಕ್ರೀ ಭಾಷೆಯಲ್ಲಿ ಅರ್ಥವಿಲ್ಲ.

ಪ್ರವಾಹದ ಕಾರಣಗಳು

ಆಲ್ಬನಿ ನದಿಯು ಸುಮಾರು 980 ಕಿಲೊಮೀಟರ್ ಉದ್ದವಾಗಿದ್ದು ಈಶಾನ್ಯ ದಿಕ್ಕಿಗೆ ಹರಿಯುತ್ತದೆ. ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಮೇಲ್ದಂಡೆಯ ಹಿಮವು ಮೊದಲು ಕರಗುತ್ತದೆ. ಆ ವೇಳೆಗೆ ನದೀಮುಖದಲ್ಲಿ ಮಂಜುಗಡ್ಡೆ ಇನ್ನೂ ಗಟ್ಟಿಯಾಗಿರುತ್ತದೆ. ಒಡೆದು ಬಂದ ಗಡ್ಡೆಗಳು ಅಲ್ಲಿ ಸಿಲುಕಿ ತಡೆಗೋಡೆಯಂತೆ ನಿಲ್ಲುತ್ತವೆ. ಹಿಂದೆ ಸರಿದ ನೀರು ಕೆಲವೇ ಗಂಟೆಗಳಲ್ಲಿ ದಡ ಮೀರಬಲ್ಲದು. 1990ರ ದಶಕದಲ್ಲಿ ಊರಿನ ಸುತ್ತ ಮಣ್ಣಿನ ಏರಿಯೊಂದನ್ನು ಕಟ್ಟಲಾಯಿತು. ಅದರಿಂದ ಜನರಿಗಿರುವ ಅಪಾಯವು ಸಹಿಸಲಾಗದ ಮಟ್ಟದ್ದೆಂದು ನಂತರದ ತಾಂತ್ರಿಕ ವರದಿಯೊಂದು ತಿಳಿಸಿತು. ಊರಿಗೆ ವರ್ಷವಿಡೀ ಬಳಸಬಹುದಾದ ರಸ್ತೆಯಿಲ್ಲ. ಚಳಿಗಾಲದಲ್ಲಿ ಮಾತ್ರ ಹೆಪ್ಪುಗಟ್ಟಿದ ನೆಲದ ಮೇಲೆ ತಾತ್ಕಾಲಿಕ ಮಾರ್ಗವಿರುತ್ತದೆ. ಹೀಗಾಗಿ ಪ್ರವಾಹಕಾಲದಲ್ಲಿ ಹೊರಬರಲು ವಿಮಾನವೇ ಮುಖ್ಯ ಸಾಧನ.

2005ರ ಬಿಕ್ಕಟ್ಟು ಮತ್ತು ಮೊದಲ ಭರವಸೆ

2005ರ ಅಕ್ಟೋಬರ್‌ನಲ್ಲಿ ಊರಿನ ಕುಡಿಯುವ ನೀರಿನಲ್ಲಿ ಇ. ಕೋಲಿ ಬ್ಯಾಕ್ಟೀರಿಯ ಪತ್ತೆಯಾಯಿತು. ನೀರು ಶುದ್ಧೀಕರಣ ಘಟಕಕ್ಕೆ ನೀರೆತ್ತುವ ಸ್ಥಳವು ಊರಿನ ಕೊಳಚೆ ಕೊಳಕ್ಕಿಂತ ಕೆಳಹರಿವಿನಲ್ಲಿತ್ತು. ನೂರಾರು ಮಂದಿಯನ್ನು ಹೊರಗೆ ಸಾಗಿಸಲಾಯಿತು. ಈ ಘಟನೆ ದೇಶದಾದ್ಯಂತ ಚರ್ಚೆಗೆ ಕಾರಣವಾದಾಗ, ಪಾಲ್ ಮಾರ್ಟಿನ್ ನೇತೃತ್ವದ ಸರ್ಕಾರದ ಸಚಿವ ಆ್ಯಂಡಿ ಸ್ಕಾಟ್ ಊರನ್ನು ಎತ್ತರದ ಸ್ಥಳಕ್ಕೆ ಸ್ಥಳಾಂತರಿಸುವುದಾಗಿ ಪ್ರಕಟಿಸಿದರು. 2006ರ ಜನವರಿಯ ಚುನಾವಣೆಯಲ್ಲಿ ಆ ಸರ್ಕಾರ ಸೋತಿತು. ಹಿಂದಿನವರು ಇದಕ್ಕೆ ಹಣ ಮೀಸಲಿಟ್ಟಿರಲಿಲ್ಲವೆಂದು ಹೊಸ ಸರ್ಕಾರ ಹೇಳಿತು.

ಎಲ್ಲಿಗೆ ಹೋಗಬೇಕೆಂಬ ಪ್ರಶ್ನೆ

ಹೊಸ ಸರ್ಕಾರದ ಪ್ರತಿನಿಧಿಯಾಗಿ ಪರಿಸ್ಥಿತಿಯನ್ನು ಅಧ್ಯಯನ ಮಾಡಿದ ಅಲನ್ ಪೋಪ್, ಸಮುದಾಯವು ನೂರಾರು ಕಿಲೊಮೀಟರ್ ದಕ್ಷಿಣದ ಟಿಮಿನ್ಸ್ ನಗರದ ಸಮೀಪಕ್ಕೆ ಹೋಗುವುದು ಲೇಸೆಂದು 2006ರ ನವೆಂಬರ್‌ನಲ್ಲಿ ಶಿಫಾರಸು ಮಾಡಿದರು. ಆಸ್ಪತ್ರೆ, ಶಿಕ್ಷಣ ಮತ್ತು ಉದ್ಯೋಗಗಳು ಅಲ್ಲಿ ಹತ್ತಿರ ದೊರೆಯುತ್ತವೆ ಎಂಬುದು ಅವರ ವಾದ. ಸಮುದಾಯದ ನಾಯಕತ್ವವು ಪೂರ್ವಜರ ಬೇಟೆಯ ನೆಲದಲ್ಲೇ, ಅದೇ ನದಿಯ ಮೇಲ್ಭಾಗದಲ್ಲಿ ಉಳಿಯಲು ಬಯಸಿತು. ಈ ಭಿನ್ನಾಭಿಪ್ರಾಯದ ನಡುವೆ, 2007ರ ಜುಲೈನಲ್ಲಿ ಸುಮಾರು 20 ಕೋಟಿ ಡಾಲರ್ ವೆಚ್ಚದಲ್ಲಿ ಇದ್ದ ಊರನ್ನೇ ದುರಸ್ತಿಗೊಳಿಸುವ ಒಪ್ಪಂದವಾಯಿತು. ಸ್ಥಳಾಂತರದ ವಿಚಾರ ಬದಿಗೆ ಸರಿಯಿತು. ಪ್ರವಾಹವಾಗಲಿ ತೆರವಾಗಲಿ ನಿಲ್ಲಲಿಲ್ಲ.

ತೆರವಿನ ಪರಿಣಾಮಗಳು

ತೆರವುಗೊಂಡವರು ಟಿಮಿನ್ಸ್, ಕಪುಸ್ಕೇಸಿಂಗ್, ಥಂಡರ್ ಬೇ ಮೊದಲಾದ ಪಟ್ಟಣಗಳ ಹೋಟೆಲುಗಳಲ್ಲಿ ವಾರಗಟ್ಟಲೆ ತಂಗುತ್ತಾರೆ. ಮಕ್ಕಳ ಶಾಲಾವರ್ಷ ನಡುವೆಯೇ ತುಂಡಾಗುತ್ತದೆ. 2014ರಲ್ಲಿ ಕೊಳಚೆ ನೀರು ನುಗ್ಗಿ ಮನೆಗಳು ಹಾಳಾದ ಕಾರಣ ಕೆಲವು ಕುಟುಂಬಗಳು ಕಪುಸ್ಕೇಸಿಂಗ್‌ನಲ್ಲಿ ವರ್ಷಗಳ ಕಾಲ ಉಳಿಯಬೇಕಾಯಿತು. ಪ್ರವಾಹದ ಋತುವೇ ಬಾತುಗಳ ವಸಂತಕಾಲದ ಬೇಟೆಯ ಋತುವೂ ಹೌದು. ಹಿರಿಯರು ಕಿರಿಯರಿಗೆ ನೆಲದ ಅರಿವನ್ನು ದಾಟಿಸುವ ಈ ಸಂದರ್ಭವು ತೆರವಿನಿಂದಾಗಿ ಅನೇಕರಿಗೆ ತಪ್ಪಿಹೋಗುತ್ತದೆ. 2020ರಲ್ಲಿ ಕೋವಿಡ್ ಸಾಂಕ್ರಾಮಿಕದ ಕಾರಣ ಪಟ್ಟಣಗಳಿಗೆ ತೆರಳುವುದು ಅಪಾಯಕರವಾಗಿದ್ದಾಗ, ಅನೇಕ ಕುಟುಂಬಗಳು ಎತ್ತರದ ಬೇಟೆಯ ಬಿಡಾರಗಳಲ್ಲಿ ಆಶ್ರಯ ಪಡೆದವು.

2019ರ ಒಪ್ಪಂದ

2017ರಲ್ಲಿ ಒಕ್ಕೂಟ ಸರ್ಕಾರ, ಪ್ರಾಂತ ಸರ್ಕಾರ ಮತ್ತು ಸಮುದಾಯದ ನಡುವೆ ಮಾತುಕತೆಯ ಚೌಕಟ್ಟು ರೂಪುಗೊಂಡಿತು. 2019ರ ವಸಂತದಲ್ಲಿ ನಿವಾಸಿಗಳು ಒಟ್ಟಾವಾದ ಸಂಸತ್ ಭವನದೆದುರು ಪ್ರತಿಭಟಿಸಿದರು. ಅದೇ ಮೇ ತಿಂಗಳಲ್ಲಿ ಒಕ್ಕೂಟದ ಸಚಿವ ಶೇಮಸ್ ಒ’ರೀಗನ್, ಒಂಟಾರಿಯೊದ ಸಚಿವ ಗ್ರೆಗ್ ರಿಕ್‌ಫರ್ಡ್ ಮತ್ತು ಸಮುದಾಯದ ಮುಖ್ಯಸ್ಥ ಲಿಯೊ ಫ್ರೈಡೆ ಸ್ಥಳಾಂತರದ ಒಪ್ಪಂದಕ್ಕೆ ಸಹಿ ಹಾಕಿದರು. ಸಮುದಾಯವೇ ಆರಿಸಿದ ‘ಸೈಟ್ 5’ ಎಂಬ ಹೊಸ ಸ್ಥಳವು ನದಿಯ ಮೇಲ್ಭಾಗದಲ್ಲಿ ಸುಮಾರು 30 ಕಿಲೊಮೀಟರ್ ದೂರದಲ್ಲಿದೆ.

ಮೀಸಲು ಪ್ರದೇಶಗಳ ಹೊಣೆ ಒಕ್ಕೂಟ ಸರ್ಕಾರದ್ದು. ಆದರೆ ಹೊಸ ಸ್ಥಳದ ಭೂಮಿ ಪ್ರಾಂತದ ಅಧೀನದಲ್ಲಿದ್ದುದರಿಂದ, ಅದನ್ನು ಹಸ್ತಾಂತರಿಸಿ ಮೀಸಲು ಪ್ರದೇಶಕ್ಕೆ ಸೇರಿಸಲು ಎರಡೂ ಸರ್ಕಾರಗಳ ಸಮ್ಮತಿ ಅಗತ್ಯವಾಯಿತು. ರಸ್ತೆ, ನೀರು ಸರಬರಾಜು, ವಿದ್ಯುತ್, ಶಾಲೆ, ಚಿಕಿತ್ಸಾಲಯ ಮತ್ತು ಮನೆಗಳನ್ನು ಅಲ್ಲಿ ಹೊಸದಾಗಿಯೇ ನಿರ್ಮಿಸಬೇಕು. ಒಪ್ಪಂದದ ನಂತರದ ವರ್ಷಗಳಲ್ಲಿಯೂ ಕಶೆಚೆವಾನ್‌ನ ಜನರು ವಸಂತಕಾಲದಲ್ಲಿ ಮನೆ ತೊರೆಯುವುದು ತಪ್ಪಿಲ್ಲ.