ಕಾಲುಹಾದಿಯ ಅರ್ಜಿ

ಬೀದರ ನಗರದ ಮೂಡಲಿಗಿರುವ ಅಷ್ಟೂರಿನಲ್ಲಿ, ಕ್ರಿ.ಶ. 1436ರಲ್ಲಿ ಕಾಲವಾದ ಬಹಮನಿ ಸುಲ್ತಾನ ಅಹ್ಮದ್ ಶಾಹ್ ವಲಿಯ ಗುಮ್ಮಟದ ಮುಂದೆ, ಹೋಳಿಹುಣ್ಣಿಮೆ ಕಳೆದ ಮೇಲೆ ವರ್ಷವರ್ಷವೂ ಉರುಸು ನೆರೆಯುವಾಗ, ಅದರ ಅಗ್ರಪೂಜೆಗೆ ಅಧಿಕಾರಿಗಳಾಗಿ ಬರುವವರು ಆಳಂದ ಸೀಮೆಯ ಮಾಡಿಯಾಳದ ಜಂಗಮರು. ಮುಸಲ್ಮಾನರು ವಲಿಯೆಂದೂ ಲಿಂಗಾಯತರು ಅಲ್ಲಮಪ್ರಭುವಿನ ಅವತಾರವೆಂದೂ ಭಾವಿಸಿಕೊಂಡು ಬಂದಿರುವ ಆ ಅರಸನ ಸಮಾಧಿಗೆ, ಶಂಖವನ್ನೂದುತ್ತ, ಭಕ್ತರೊಡನೆ ಊರಿಂದೂರಿಗೆ ನಡೆದು ಬರುವ ಈ ಪದ್ಧತಿಯನ್ನು ನೆನೆದಾಗಲೆಲ್ಲ, ಇಂಥ ನಡಿಗೆಗೆ ನೆಲವನ್ನು ಬಿಟ್ಟುಕೊಟ್ಟ ಹಾದಿಗಳ ಗತಿಯೇನೆಂಬ ಚಿಂತೆ ನನ್ನನ್ನು ಆವರಿಸುತ್ತದೆ.

ಬೀದರವು ಜಂಬಿಟ್ಟಿಗೆಯ ಪ್ರಸ್ಥಭೂಮಿಯ ಅಂಚಿನಲ್ಲಿ ನಿಂತಿರುವ ಊರು. ಅಲ್ಲಿಂದಿಳಿದು ಕಾರಂಜಾ ಹರಿಯುವ ಭಾಲ್ಕಿಯ ಕಡೆಗೋ, ಮಾಂಜ್ರಾ ನದಿಯನ್ನು ದಾಟಿ ಅಮರೇಶ್ವರನ ಔರಾದಿನ ಕಡೆಗೋ ಹೊರಟವನಿಗೆ, ಮಳೆಗಾಲದಲ್ಲಿ ಗಾಲಿಯನ್ನು ಅಚ್ಚಿನವರೆಗೂ ನುಂಗುವ ಎರೆಭೂಮಿ ಎದುರಾಗುತ್ತದೆ. ಅಂಥಲ್ಲಿ ಬದುವಿನ ಮೇಲೆ ಕಾಲು ತುಳಿದು ಗಟ್ಟಿಗೊಂಡ ಹಾದಿಯೇ ಸಂತೆಗೂ ಜಾತ್ರೆಗೂ ಸೂಲಗಿತ್ತಿಯ ಮನೆಗೂ ಸ್ಮಶಾನಕ್ಕೂ ದಾರಿ. ಗ್ರಾಮದ ನಕಾಶೆಯಲ್ಲಿ ಕಾಲುದಾರಿಯನ್ನು ಒಂದು ಸಾಲಿನ ಚುಕ್ಕೆಗಳಿಂದಲೂ ಬಂಡಿದಾರಿಯನ್ನು ಎರಡು ಸಾಲುಗಳಿಂದಲೂ ಗುರುತಿಸುತ್ತಾರೆ. ಸಾರ್ವಜನಿಕ ಹಾದಿಬೀದಿಗಳು ಸರಕಾರದ ಸ್ವತ್ತೆಂದು 1964ರ ಭೂಕಂದಾಯ ಅಧಿನಿಯಮದ 67ನೆಯ ಪ್ರಕರಣ ಸಾರುತ್ತದೆ. ಆದರೆ ನೇಗಿಲಿನ ಒಂದೊಂದು ಸಾಲು ಒಳಸರಿದಂತೆ ಹಾದಿಯು ಕಿರಿದಾಗಿ, ಕಡೆಗೆ ಮುಳ್ಳುಬೇಲಿಯೊಳಗೆ ಸೇರಿಹೋಗುತ್ತದೆ. ನಕಾಶೆಯ ಚುಕ್ಕೆಗಳು ಮಾತ್ರ ಉಳಿಯುತ್ತವೆ. ಹೊಲಕ್ಕೆ ಹೋಗಲು ದಾರಿಯಿಲ್ಲದೆ ಕಂಗೆಟ್ಟ ರೈತರ ಅಹವಾಲುಗಳ ಫಲವಾಗಿ, ಇಂಥ ದಾರಿಗಳನ್ನು ತೆರವುಗೊಳಿಸುವಂತೆ ಕಂದಾಯ ಇಲಾಖೆಯು 2023ರಲ್ಲಿ ತಹಶೀಲ್ದಾರರಿಗೆ ಸುತ್ತೋಲೆ ಹೊರಡಿಸಿತು.

ಇಂಗ್ಲೆಂಡಿನಲ್ಲಿಯೂ ಹಾದಿಯ ಹಕ್ಕು ಬೇಡದೆ ಬಂದುದಲ್ಲ. 1932ರ ಏಪ್ರಿಲಿನಲ್ಲಿ ಜಮೀನುದಾರರ ಪ್ರತಿಬಂಧವನ್ನು ಲೆಕ್ಕಿಸದೆ ಕಿಂಡರ್ ಸ್ಕೌಟ್ ಎಂಬ ಗುಡ್ಡವನ್ನೇರಿದ ಕಾರ್ಮಿಕ ತರುಣರಲ್ಲಿ ಐವರು ಸೆರೆಮನೆ ಸೇರಿದರು. ಹದಿನೇಳು ವರ್ಷಗಳ ತರುವಾಯ, 1949ರಲ್ಲಿ, ಆ ದೇಶದ ಪಾರ್ಲಿಮೆಂಟು ಪ್ರತಿಯೊಂದು ಪ್ರಾಂತದ ಕಾಲುದಾರಿಗಳನ್ನೂ ನಿರ್ಣಾಯಕ ನಕಾಶೆಗಳಲ್ಲಿ ದಾಖಲಿಸಬೇಕೆಂಬ ಶಾಸನವನ್ನು ರಚಿಸಿತು. ನಮ್ಮಲ್ಲಿ ನಕಾಶೆ ಮೊದಲೇ ಇದೆ. ಅದನ್ನು ಕೈಯಲ್ಲಿ ಹಿಡಿದು ಕೇಳುವವರು ಬೇಕು.

ಕೇಳುವ ವಿದ್ಯೆ ಈ ಜಿಲ್ಲೆಯ ಜನಕ್ಕೆ ಹೊಸದಲ್ಲ. ಫಜಲ್ ಅಲಿಯವರ ರಾಜ್ಯ ಪುನರ್ವಿಂಗಡಣಾ ಆಯೋಗದ ಮುಂದೆ ದೇಶದಾದ್ಯಂತದಿಂದ 1,52,250 ಮನವಿಪತ್ರಗಳು ಬಂದು ಬಿದ್ದ ಆ ಕಾಲದಲ್ಲಿ, ಮೂರು ಭಾಷೆಗಳ ಸಂಗಮವಾಗಿದ್ದ ಹೈದರಾಬಾದು ರಾಜ್ಯದ ಬೀದರ ಜಿಲ್ಲೆಯೂ ವಿಚಾರಣೆಗೆ ಒಳಗಾಯಿತು. 1956ರ ನವೆಂಬರ್ 1ರಂದು ಉದಗೀರವು ಮುಂಬಯಿಗೂ ಜಹೀರಾಬಾದು ಆಂಧ್ರಕ್ಕೂ ಹೋಗಿ, ಬೀದರ, ಭಾಲ್ಕಿ, ಔರಾದುಗಳು ಮೈಸೂರು ರಾಜ್ಯಕ್ಕೆ ಸೇರಿದವು. ಒಂದೇ ಸಂತೆಗೆ ನಡೆಯುತ್ತಿದ್ದ ಜನರ ಹಾದಿಗಳು ಆ ದಿನದಿಂದ ರಾಜ್ಯದ ಗಡಿಯನ್ನು ದಾಟುವ ಹಾದಿಗಳಾದವು. ಒಂದು ತುದಿ ಒಬ್ಬ ತಹಶೀಲ್ದಾರರಿಗೂ ಇನ್ನೊಂದು ತುದಿ ಪರರಾಜ್ಯದವರಿಗೂ ಸೇರಿದ ಹಾದಿಯನ್ನು ಕಾಯುವವರು ಯಾರು? ಈ ಸೀಮೆಯ ನಾಯಕ ವೈಜನಾಥ ಪಾಟೀಲ ಮೊದಲಾದವರು ದಶಕಗಳ ಕಾಲ ನಡೆಸಿದ ಹೋರಾಟದ ಫಲವಾಗಿ 2012ರಲ್ಲಿ ಸಂವಿಧಾನಕ್ಕೆ 98ನೆಯ ತಿದ್ದುಪಡಿಯಾಗಿ, ಈ ಸೀಮೆಗೆ ವಿಶೇಷ ಸ್ಥಾನಮಾನ ಕೊಡುವ 371ಜೆ ವಿಧಿಯೂ ಅದರ ಹಿಂದೆ ಈ ಸೀಮೆಯ ಪ್ರದೇಶಾಭಿವೃದ್ಧಿ ಮಂಡಳಿಯೂ ಬಂದುದು ಕೇಳುವ ಅದೇ ಪರಂಪರೆಯ ಮುಂದುವರಿಕೆ.

ಆ ಮಂಡಳಿಯ ನಿಧಿಯಲ್ಲಿ ಕಿರಿದೊಂದು ಭಾಗವು ಅಷ್ಟೂರಿನ ಯಾತ್ರೆಯ ಹಾದಿಗೂ ಭಾಲ್ಕಿ ಔರಾದುಗಳ ಚುಕ್ಕೆಸಾಲಿನ ದಾರಿಗಳಿಗೂ ಸಲ್ಲಬೇಕೆಂದು, ಗ್ರಾಮನಕಾಶೆಯ ದೃಢೀಕೃತ ಪ್ರತಿಯನ್ನು ಲಗತ್ತಿಸಿ, ಸರ್ವೆ ನಂಬರುಗಳನ್ನು ನಮೂದಿಸಿ, ಗ್ರಾಮಸಭೆಯ ಠರಾವಿನೊಡನೆ ತಮ್ಮ ಶಾಸಕರ ಮುಂದೆ ನಿಲ್ಲುವುದು ಇಲ್ಲಿನ ನಾಗರಿಕರ ಹಕ್ಕು. ಗಡಿಕಲ್ಲು ನೆಡಲಿಕ್ಕೆ, ಹಳ್ಳಕ್ಕೆ ಹಾಸುಗಲ್ಲು ಹಾಕಲಿಕ್ಕೆ, ಬೇಸಗೆಯ ಯಾತ್ರಿಕರಿಗೆ ಬೇವಿನ ನೆರಳೂ ಅರವಟ್ಟಿಗೆಯ ನೀರೂ ಒದಗಿಸಲಿಕ್ಕೆ ಬೇಕಾದ ಹಣವು ಒಂದು ಡಾಂಬರು ರಸ್ತೆಯ ವೆಚ್ಚದ ಮುಂದೆ ಅತ್ಯಲ್ಪವಾದುದು.